ಖಾಲಿ ಗುಳಿ

ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆಂದು ಫೋನು ಬಂತು. ಇನ್ನೊಂದು ತಾಸಿಗೆ ಹೊಳೆಯ ನಡುಗಡ್ಡೆ ಮುಳುಗುತ್ತದೆ. ಅಲ್ಲಿನ, ಗತಿಸಿದ ಹಿರಿಯ ಗುರುಗಳ ಗದ್ದುಗೆಗೆ ಬೆಳಿಗ್ಗೆಯೇ ಭಕ್ತರು ಹೋಗಿದ್ದರು. ಎಷ್ಟು ಜನ ಎಂದು ಯಾರಿಗೂ ಗೊತ್ತಿರಲಿಲ್ಲ.

ಆಶ್ರಮದ ಭಕ್ತರೆಲ್ಲರ ಮುಂಗೈಗೂ ಒಂದೊಂದು ವೈರ್‌ಲೆಸ್ ಪಟ್ಟಿ ಇತ್ತು. ಒಟ್ಟು ಸಾವಿರದಿನ್ನೂರು. ನಡುಗಡ್ಡೆಯ ಆಂಟೆನಾ ಕಂಬಕ್ಕೆ ಕೇಳುವುದು ಅಲ್ಲಿರುವ ಪಟ್ಟಿಗಳು ಮಾತ್ರ. ಆ ಕಂಬ, ದಂಡೆಯ ಕೋಣೆಯಲ್ಲಿದ್ದ ಅದರ ಕಂಪ್ಯೂಟರು, ಎರಡನ್ನೂ ನೋಡಿಕೊಳ್ಳುವ ಕೆಲಸ ಶಿಷ್ಯ ಕಲ್ಮೇಶನ ಪಾಲಿಗೆ ಬಂದಿತ್ತು.

ಅಂಬಿಗರ ಯಮನಪ್ಪ ಬಾಗಿಲಲ್ಲೇ ನಿಂತ. "ಎಷ್ಟು ಹರಿಗೋಲು ಬಿಡ್ಲಿ? ಒಂದಕ್ಕ ಹತ್ತು ಮಂದಿ. ಕೆಳಗಿನ ಊರಿನವರೂ ಕೇಳಾಕತ್ತಾರ."

ಕಲ್ಮೇಶ ಎಲ್ಲ ಪಟ್ಟಿಗಳನ್ನೂ ಒಟ್ಟಿಗೆ ಕರೆದ. ಎಲ್ಲವೂ ಒಟ್ಟಿಗೆ ಓಗೊಟ್ಟವು. ಒಂದರ ದನಿ ಇನ್ನೊಂದರ ಮೇಲೆ ಬಿದ್ದು ಪರದೆಯ ತುಂಬ ಬರೀ ಗದ್ದಲ. ಮತ್ತೆ ಕರೆದ, ಮತ್ತೆ ಅದೇ.

"ಅಪ್ಪಾರ, ಒಂದೊಂದ ನಂಬರ ಕರೀತೀನಿ," ಅಂದ.

"ಎಷ್ಟೊತ್ತು ಬೇಕು?" ಆಶ್ರಮದ ಈಗಿನ ಗುರು ಗುರುಪಾದಯ್ಯನವರು ಕೇಳಿದರು.

"ಒಂದೂವರೆ ತಾಸು."

ಗುರುಗಳು ಮೂಲೆಯಿಂದ ಅಳಗುಳಿ ಮಣೆ ತಂದಿಟ್ಟರು. ಹೊಳೆ ಏರುವಾಗ ಮಣೆ ಹಾಸುವ ಗುರು ಸಿಕ್ಕರೆ ಯಾವ ಶಿಷ್ಯನಿಗಾದರೂ ಸಿಟ್ಟು ಬರುತ್ತದೆ. ಕಲ್ಮೇಶನಿಗೂ ಬಂತು.

"ಇದು ಆಟದ ಹೊತ್ತೇನ್ರಿ?"

ಗುರುಗಳು ಕಣ್ಣುಮುಚ್ಚಿ ನಾಲ್ಕು ಹುಣಸೆ ಬೀಜ ಚೆಲ್ಲಿದರು. ಹದಿನಾಲ್ಕು ಗುಳಿಗಳಲ್ಲಿ ಹತ್ತು ಖಾಲಿ ಉಳಿದವು. ಆಮೇಲೆ ಒಂದು ಮುಷ್ಟಿ ಚೆಲ್ಲಿದರು. ಒಂದೇ ಖಾಲಿ.

"ಬೀಜ ಎಣಿಸ್ಲೇನ್ರಿ?"

"ಬೀಜ ಬಿಡು. ಖಾಲಿ ಗುಳಿ ನೋಡು."

ಕಲ್ಮೇಶ ಮಣೆಯನ್ನು ನೋಡಿದ, ಪರದೆಯನ್ನು ನೋಡಿದ. ಮಣೆಯ ಗುಳಿಗಳಂತೆ ಇನ್ನೂರು ಸರದಿ ಇಟ್ಟ. ಪ್ರತಿ ಪಟ್ಟಿಯೂ ತನಗೆ ತೋಚಿದ ಒಂದು ಸರದಿಯಲ್ಲಿ ಒಮ್ಮೆ ಮಿಡಿಯಲಿ, ಹೆಸರು ಹೇಳುವುದು ಬೇಡ ಎಂದು ಅಪ್ಪಣೆ ಕೊಟ್ಟ. ಎರಡು ನಿಮಿಷದಲ್ಲಿ ಮುಗಿಯಿತು. ನೂರಾ ಅರವತ್ತು ಸರದಿ ಖಾಲಿ. ಉಳಿದವುಗಳಲ್ಲಿ ಕೆಲವಕ್ಕೆ ಇಬ್ಬಿಬ್ಬರು ಬಿದ್ದಿರಬೇಕು. ಖಾಲಿ ಸರದಿಗಳಿಂದಲೇ ಅವನು ಲೆಕ್ಕ ಹಾಕಿದ.

"ಸುಮಾರು ನಲವತ್ತೈದು. ಐದು ಹರಿಗೋಲು!"

ಯಮನಪ್ಪ ಓಡಿದ.

ನೀರು ದಂಡೆಯ ಮೂರನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಐದೂ ಹರಿಗೋಲು ಮರಳಿ ಬಂದವು. ಇಳಿದವರನ್ನು ಕಲ್ಮೇಶ ಎಣಿಸಿದ. ನಲವತ್ನಾಲ್ಕು ಜನ. ಅವನಿಗೆ ಹೋದ ಜೀವ ಬಂದಂತಾಯಿತು.

"ನಲವತ್ತೈದು ಅಂದಿದ್ದೆ, ಒಂದೇ ಕಡಿಮಿ. ಸುಮಾರು ಸರಿ ಆತಲ್ರಿ, ಅಪ್ಪಾರ. ಯಮನಪ್ಪಾ, ಕಟ್ಟಿಬಿಡು."

ಯಮನಪ್ಪ ಹಗ್ಗ ಗೂಟಕ್ಕೆ ಸುತ್ತಿದ.

ಗುರುಗಳು, "ಈಗ ಎಲ್ಲಾರನ್ನೂ ಒಟ್ಟಿಗೆ ಕರಿ," ಅಂದರು.

"ಆಗ ಬರೀ ಗದ್ದಲ ಆಗಿತ್ತಲ್ರಿ?"

"ಆಗ ಬಾಳ ಮಂದಿ ಇದ್ರು."

ಕಲ್ಮೇಶ ಕೋಣೆಗೆ ಓಡಿ ಕರೆದ. ಈ ಸಲ ಗದ್ದಲ ಇರಲಿಲ್ಲ. ಒಂದೇ ಒಂದು ಪಟ್ಟಿ ಸ್ಪಷ್ಟವಾಗಿ ಓಗೊಟ್ಟಿತು. ನಂಬರು ಏಳುನೂರಾ ಎರಡು. "ಇನ್ನೊಬ್ರು ಅಲ್ಲೇ ಅದಾರ!" ಎಂದು ಕೂಗುತ್ತ ಹೊರಗೋಡಿ ಬಂದ.

ಯಮನಪ್ಪ ಆಗಲೇ ಹಗ್ಗ ಬಿಚ್ಚಿ ಹುಟ್ಟು ಹಾಕಿದ್ದ. ಕಲ್ಮೇಶ ತಲೆ ಎತ್ತಲಾರದೆ ನಿಂತ.

"ಸುಮಾರು ಅನ್ನೂದು ಹರಿಗೋಲು ಬಿಡಾಕ ಸಾಕಪ್ಪ," ಅಂದರು ಗುರುಗಳು. "ಕಟ್ಟಾಕ ಸಾಲೂದಿಲ್ಲ."