ಗ್ರೈಂಡರ್ ಗೆದ್ದ ಮರಿಸ್ವಾಮಿ

ಸಾಕವ್ವನಿಗೆ ಒಬ್ಬನೇ ಮಗ, ಮರಿಸ್ವಾಮಿ. ಇನ್ನೊಂದು ಹುಟ್ಟಲಿಲ್ಲವಲ್ಲ ಎಂದು ಮೊದಮೊದಲು ಅತ್ತಳು. ಇವನು ಬೆಳೆದು ಇಪ್ಪತ್ತೆರಡಕ್ಕೆ ಬಂದ ಮೇಲೆ, ಹುಟ್ಟದೇ ಇದ್ದದ್ದೇ ಚೆನ್ನಾಯಿತು ಎಂದಳು. ಹಾಗಂತ ಕೆಟ್ಟವನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ಗೋಳು. ಹಾಲು ಉಕ್ಕುತ್ತದೇನೋ ನೋಡು ಎಂದರೆ, ಉಕ್ಕಿ ಹರಿದು ಒಲೆ ಆರುವ ತನಕ ನೋಡುತ್ತ ನಿಲ್ಲುತ್ತಿದ್ದ.

ಸಾಕವ್ವ ದೋಸೆ ಹಿಟ್ಟು ರುಬ್ಬಿ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಕೊಡುವವಳು. ಹದಿನಾರು ವರ್ಷ ಒರಳಿನ ಗುಂಡು ತಿರುಗಿಸಿ ಬಲಮೊಣಕೈ ಬದನೇಕಾಯಿಯ ಹಾಗೆ ಊದಿತ್ತು. ಇನ್ನು ಗುಂಡು ಮುಟ್ಟಿದರೆ ಕೈ ಎತ್ತಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಮುಟ್ಟದಿದ್ದರೆ ಉಣ್ಣುವುದೇನು ಎಂದು ಅವರು ಹೇಳಲಿಲ್ಲ. ಒಮ್ಮೆ ಮಗನನ್ನು ಕೂರಿಸಿ, ನೀರು ಹಾಕುತ್ತ ರುಬ್ಬು ಎಂದಳು. ಹಾಕಿದ, ಹಾಕಿದ, ಹಾಕುತ್ತಲೇ ಇದ್ದ. ಹಿಟ್ಟು ಮೋರಿಗೆ ಹೋಯಿತು.

ಇಂಥ ಹೊತ್ತಿನಲ್ಲಿ ಅವರ ಓಣಿಯ ಮೊಬೈಲ್ ರಿಪೇರಿ ಗೌಸ್ ಭಾಯಿ ಒಂದು ಪಂದ್ಯ ಇಟ್ಟ. ಅವನ ಹತ್ತಿರ ಜಪಾನಿನ ಎರಡು ಹಳೇ ಆಟದ ಯಂತ್ರಗಳಿದ್ದವು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಒಂದೊಂದು ಯಂತ್ರದ ಪರದೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ರೋಬೋಟ್. ಅದಕ್ಕೆ ತಲೆ, ಎರಡು ಕೈ, ಗಾಲಿ ಹಚ್ಚಿದ ಬೂಟು. ಯಾವುದನ್ನು ಬೇಕಾದರೂ ಬಿಚ್ಚಿ ಬೇರೆಯದು ಜೋಡಿಸಬಹುದು. ಎರಡೂ ಯಂತ್ರಗಳ ನಡುವೆ ವೈರು ಸಿಕ್ಕಿಸಿದರೆ ರೋಬೋಟುಗಳು ಬಡಿದಾಡುತ್ತಿದ್ದವು. ಸೋತವರು ಗೆದ್ದವರಿಗೆ ಒಂದು ಭಾಗ ಬಿಚ್ಚಿ ಕೊಡಬೇಕು, ಬದಲಿಗೆ ತಗಡಿನದು ಹಾಕಿಕೊಳ್ಳಬೇಕು. ಮೂರು ಸಲ ಸೋತರೆ ಮನೆಗೆ. ಭಾನುವಾರ ಕೊನೆಗೆ ಉಳಿದವರಿಗೆ ಬಹುಮಾನ, ಹೊಸಾ ಗ್ರೈಂಡರ್.

ಗ್ರೈಂಡರ್ ಎಂದದ್ದೇ ಸಾಕವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪರದೆಯ ಮೇಲಿನ ಅಕ್ಷರ ಜಪಾನಿನದು, ಊರಲ್ಲಿ ಯಾರಿಗೂ ಓದಲು ಬಾರದು. ಅಂದರೆ ಮಗ ಮೊದಲ ಸಲ ಎಲ್ಲರ ಸಮಕ್ಕೆ ನಿಂತ ಹಾಗಾಯಿತು. ಉದ್ದಿನಬೇಳೆಯಲ್ಲಿ ಕಲ್ಲು ಆರಿಸಿ ಆರಿಸಿ ಅವನ ಬೆರಳೂ ಚುರುಕಾಗಿದ್ದವು. ಬುಧವಾರ ಸಂಜೆ ತಲೆ ಬಾಚಿ ಕಳಿಸಿದಳು. ಹಿಂದಿನ ವಾರವಷ್ಟೇ ಅವನು ಸಗಣಿ ಮೆಟ್ಟಿದ ಚಪ್ಪಲಿಯಲ್ಲೇ ನಿಶ್ಚಿತಾರ್ಥದ ಮನೆಯ ನಡುಮನೆಗೆ ಹೋಗಿ ಬಂದಿದ್ದ. ಅದಕ್ಕೆ ಬಾಗಿಲಲ್ಲಿ ನಿಂತು, ಇನ್ನೊಬ್ಬರ ಜಾಗಕ್ಕೆ ಹೋಗುವ ಮುಂಚೆ ಕಾಲಲ್ಲಿರುವುದನ್ನು ಬಿಚ್ಚಿಡು ಎಂದು ಎರಡು ಸಲ ಹೇಳಿದಳು.

ಹೇಳಿ ಒಳಗೆ ಕೂರಲಾಗಲಿಲ್ಲ. ಓಣಿಯ ತುದಿಗೆ ಹೋದಳು, ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಮೂರನೆಯ ಸಲ ಹೋಗುವಷ್ಟರಲ್ಲಿ ಮಗ ಎದುರಿಗೇ ಬಂದ. ಸೋತಿದ್ದ. ಎದುರಾಳಿ ದರ್ಜಿ ಪಂಪಾಪತಿ. ಅವನ ಅಖಾಡಕ್ಕೆ ಇಳಿಯುವ ಮುಂಚೆ ಮರಿಸ್ವಾಮಿ ತನ್ನ ರೋಬೋಟಿನ ಗಾಲಿಬೂಟು ಬಿಚ್ಚಿ ಹೊರಗಿಟ್ಟಿದ್ದ. ಅದು ಬರಿಗಾಲಲ್ಲಿ ನಿಂತ ಕಡೆಯೇ ನಿಂತು ಏಟು ತಿಂದು ಮಗುಚಿತು. ಬಿಚ್ಚಿಟ್ಟ ಬೂಟನ್ನೇ ಪಂಪಾಪತಿ ಎತ್ತಿಕೊಂಡು ಹೋದ.

ಸಾಕವ್ವ ಹಣೆ ಬಡಿದುಕೊಂಡಳು. ಮೊಣಕೈ ನೋವಿಗೆ ಅದನ್ನೂ ಎಡಗೈಯಲ್ಲೇ ಬಡಿದುಕೊಳ್ಳಬೇಕಾಯಿತು.

"ಅದೇನು ಬೀಗರ ಮನ್ಯೇನಲೇ? ಜಗಳ ಅದು. ಜಗಳಕ್ಕ ಹೋದಮ್ಯಾಲ ಮರ್ಯಾದಿ ನೋಡಬಾರದು. ಕೈಯಾಗ ಏನೈತಿ, ಅದರಾಗ ಹೊಡೀಬೇಕು."

"ಹಂಗಂತ ಮೊದಲ ಹೇಳಬಾರದೇನವ್ವ," ಎಂದ ಮರಿಸ್ವಾಮಿ.

ಗುರುವಾರ ಎದುರಿಗೆ ಕೂತವನು ಬಸ್ ಕಂಡಕ್ಟರ್. ಗೌಸ್ ಭಾಯಿ ಶುರು ಎಂದ. ಮರಿಸ್ವಾಮಿ ಕೈ ನೋಡಿಕೊಂಡ. ಕೈಯಲ್ಲಿ ಆಟದ ಯಂತ್ರ ಇತ್ತು. ಅದರಲ್ಲೇ ಕಂಡಕ್ಟರನ ಹಣೆಗೆ ಒಂದು ಕೊಟ್ಟ. ಯಂತ್ರ ಹಳೇ ಕಾಲದ ಗಟ್ಟಿ ಮಾಲು, ಅದಕ್ಕೇನೂ ಆಗಲಿಲ್ಲ. ಹಣೆ ಅಷ್ಟು ಗಟ್ಟಿ ಇರಲಿಲ್ಲ.

ಗೌಸ್ ಭಾಯಿ ಇದನ್ನು ಎರಡನೆಯ ಸೋಲು ಎಂದು ಬರೆದುಕೊಂಡ. ಸಾಕವ್ವ ಮಜ್ಜಿಗೆಯ ತಂಬಿಗೆ ಹಿಡಿದು ಕಂಡಕ್ಟರನ ಮನೆಗೆ ಓಡಿದಳು, ಅವನ ಹೆಂಡತಿಯ ಕೈಲಿ ಬೈಸಿಕೊಂಡಳು, ಅಲ್ಲಿಂದ ಅಂಗಡಿಗೆ ಓಡಿ ಗೌಸ್ ಭಾಯಿಗೆ ಕೈ ಮುಗಿದಳು, ಮನೆಗೆ ಓಡಿ ಬಂದು ಮಗನನ್ನು ಹಿಡಿದಳು. ಇನ್ನೊಂದು ಸೋತರೆ ಗ್ರೈಂಡರ್ ಹೋಯಿತು, ತನ್ನ ಕೈಯೂ ಹೋಯಿತು ಎಂದು ಅತ್ತಳು. ಎದುರಿಗೆ ಕೂತವರು ನೆಂಟರಿದ್ದ ಹಾಗೆ ಎಂದು ಬುದ್ಧಿ ಹೇಳಿದಳು. "ನಾ ನಡಕೊಂಡಂಗ ನಡಕೋ. ಪಕ್ಕದ ಮನೆಯಾಕಿ ಬಟ್ಟಲಾಗ ಏನಾರ ಕೊಟ್ಟು ಕಳಿಸಿದ್ರ, ನಾ ಯಾವತ್ತಾರ ಬರೀ ಬಟ್ಟಲ ವಾಪಸ್ ಕೊಟ್ಟೀನೇನು?"

"ಇಲ್ಲವ್ವ. ಸಕ್ರಿನಾರ ಹಾಕ್ತಿ."

"ಹಾಂ. ಹಂಗ."

ಶುಕ್ರವಾರ ಹೂ ಕಟ್ಟುವ ರುಕ್ಮಾಬಾಯಿಯ ಎದುರು ಆಟ. ಹೂ ಕಟ್ಟಿದ ಬೆರಳಿಗೂ ಬೇಳೆ ಆರಿಸಿದ ಬೆರಳಿಗೂ ಸಮಸಮ ಬಿತ್ತು. ಕೊನೆಗೆ ಮರಿಸ್ವಾಮಿಯೇ ಗೆದ್ದ. ಅಂಗಡಿಯ ಮುಂದೆ ನಿಂತ ಜನ ಶಿಳ್ಳೆ ಹೊಡೆದದ್ದು ಸಾಕವ್ವನ ಮನೆಯ ತನಕ ಕೇಳಿಸಿತು. ರುಕ್ಮಾಬಾಯಿ ಮುಖ ಸಣ್ಣದು ಮಾಡಿಕೊಂಡು ತನ್ನ ರೋಬೋಟಿನ ಸುತ್ತಿಗೆಯಂಥ ಬಲಗೈ ಬಿಚ್ಚಿ ಕೊಟ್ಟಳು. ಮರಿಸ್ವಾಮಿ ಅದನ್ನು ತೆಗೆದುಕೊಂಡ. ಅವಳನ್ನು ಬರಿಗೈಲಿ ಕಳಿಸಲು ಮನಸ್ಸು ಬರಲಿಲ್ಲ. ತನ್ನ ರೋಬೋಟಿನ ತಲೆ ಬಿಚ್ಚಿ ಕೊಟ್ಟ. ಒಂದೇ ಕೊಟ್ಟರೆ ಚೆನ್ನಾಗಿರುವುದಿಲ್ಲ ಎಂದು ತೋಪು ಹಚ್ಚಿದ ಎಡಗೈಯನ್ನೂ ಕೊಟ್ಟ.

ರುಕ್ಮಾಬಾಯಿ ಸೋತ ಖುಷಿಯಲ್ಲಿ ಸಾಕವ್ವನ ಮನೆಗೇ ಬಂದಳು. "ಎಂಥಾ ಮಗನ್ನ ಹಡದೀಯವ್ವ," ಎಂದು ಒಂದು ಮೊಳ ಹೂವು ಕೊಟ್ಟು ಹೋದಳು.

ಹೂವು ಮುಡಿಯುವ ಹೊತ್ತೇ ಅದು? ಸಾಕವ್ವ ಅದನ್ನು ಮೊಳೆಗೆ ನೇತುಹಾಕಿ ಮಗನ ಕಿವಿ ಹಿಡಿದಳು. "ಗೆದ್ದೋರು ಕೊಡೂದಲ್ಲಲೇ, ತಗೊಳ್ಳೂದು. ಇನ್ನಮ್ಯಾಲ ಗೆದ್ದಕೂಡ್ಲೇ ಒಂದು ಭಾಗ ಬಿಚ್ಚಿಕೋ. ಯಾರ ಜತೀಗೂ ಮಾತಾಡಬ್ಯಾಡ. ಸೀದಾ ಮನಿಗೆ ಬಾ. ಏನು ಮಾಡ್ತಿ, ಹೇಳು?"

"ಒಂದು ಬಿಚ್ಚಿಕೊಂಡು ಸೀದಾ ಮನಿಗೆ ಬರ್ತೀನವ್ವ."

ಶನಿವಾರ ಎರಡು ಆಟ. ಗೆದ್ದ, ಒಂದು ಬಿಚ್ಚಿಕೊಂಡ, ಮನೆಗೆ ಬಂದ. ತಿರುಗಿ ಕಳಿಸಿದಳು. ಗೆದ್ದ, ಒಂದು ಬಿಚ್ಚಿಕೊಂಡ, ಮನೆಗೆ ಬಂದ. ಕೊನೆಗೂ ಇವನಿಗೆ ಹೇಳುವ ರೀತಿ ಗೊತ್ತಾಯಿತು ಎಂದು ಸಾಕವ್ವ ಒಬ್ಬಳೇ ನಕ್ಕಳು.

ಭಾನುವಾರ ಉಳಿದವರು ಇಬ್ಬರು, ಪಂಪಾಪತಿ ಮತ್ತು ಮರಿಸ್ವಾಮಿ. ಬೆಳಿಗ್ಗೆಯೇ ಸಾಕವ್ವ ಧೈರ್ಯ ಮಾಡಿ ಅಕ್ಕಿ, ಉದ್ದು ನೆನೆಹಾಕಿದಳು. ಒರಳನ್ನು ಹಿತ್ತಲಿಗೆ ನೂಕಿದಳು. ಗ್ರೈಂಡರಿಗೆ ಜಾಗ ಗುಡಿಸಿದಳು. ಮತ್ತೆ ಗುಡಿಸಿದಳು. ಮಗನನ್ನು ಕಳಿಸಿ ಬಾಗಿಲಿಗೆ ಬಂದಳು, ಒಳಗೆ ಹೋದಳು, ಅಕ್ಕಿ ಹಿಸುಕಿ ನೋಡಿದಳು, ಬಾಗಿಲಿಗೆ ಬಂದಳು. ಆಗ ಶಿಳ್ಳೆ ಕೇಳಿಸಿತು. ಗೆದ್ದ, ಗೆದ್ದ ಎಂದು ಜನ ಕೂಗಿದ್ದೂ ಕೇಳಿಸಿತು. ಸಾಕವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

ಮರಿಸ್ವಾಮಿ ಬಂದ. ಯಾರ ಜೊತೆಗೂ ಮಾತಾಡದೆ ಸೀದಾ ಬಂದ. ಎದೆಗೆ ಅವುಚಿಕೊಂಡು ಒಂದು ಕಲ್ಲು ತಂದಿದ್ದ. ಗ್ರೈಂಡರಿನೊಳಗೆ ತಿರುಗುವ ಗುಂಡುಕಲ್ಲು.

ಸಾಕವ್ವ ಅವನ ಬೆನ್ನ ಹಿಂದೆ ಓಣಿಯತ್ತ ಇಣುಕಿದಳು. ಉಳಿದದ್ದು ಎಲ್ಲಿ ಎಂದಳು.

"ಅಲ್ಲೇ ಐತಿ. ಒಂದು ಅಂತ ನೀನ ಹೇಳಿದ್ದಿ. ತಲಿ ಯಾವ್ದು ಗೊತ್ತಾಗಲಿಲ್ಲ, ತೂಕ ಇದ್ದದ್ದು ತಂದೆ."

ಬೈಯಲು ಹೊತ್ತಿರಲಿಲ್ಲ. ಬೇಡವೆಂದು ಬಿಟ್ಟುಹೋದ ಎಂದುಕೊಂಡು ಗೌಸ್ ಭಾಯಿ ಅದನ್ನು ಪಂಪಾಪತಿಗೆ ಕೊಟ್ಟುಬಿಟ್ಟರೆ? ಸಾಕವ್ವ ಮಗನನ್ನು ಹೊರಗೆ ನೂಕಿದಳು. "ಓಡು. ಪೂರಾ ತಗೊಂಬಾ. ಅದಕ್ಕ ಹತ್ತಿಕೊಂಡಿದ್ದು ಒಂದೂ ಬಿಟ್ಟು ಬರಬ್ಯಾಡ."

ಮರಿಸ್ವಾಮಿ ಓಡಿದ. ಅರ್ಧ ದಾರಿಯಿಂದ ತಿರುಗಿ ಬಂದು ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು ಮತ್ತೆ ಓಡಿದ. ಹಾರೆ ಯಾಕೆ ಎಂದು ಸಾಕವ್ವ ಕೇಳುವಷ್ಟರಲ್ಲಿ ಓಣಿ ದಾಟಿದ್ದ. ಆಮೇಲೆ ಕರೆಂಟು ಕಂಬದ ಮೇಲೆ ಢಬ್ ಎಂದಿತು. ಓಣಿಯ ಟೀವಿಗಳೆಲ್ಲ ಒಂದೇ ಸಲ ಬಾಯಿ ಮುಚ್ಚಿದವು.

ಗ್ರೈಂಡರ್ ಬಂತು. ತಲೆಯ ಮೇಲೆ ಹೊತ್ತು ತಂದಿದ್ದ. ಒಂದು ಗೀರೂ ಬಿದ್ದಿರಲಿಲ್ಲ. ಅದರ ವೈರು ಬಂತು. ಜನಕ್ಕೆ ತಿರುಗಿಸಿ ತೋರಿಸಲು ಗೌಸ್ ಭಾಯಿ ಆ ವೈರು ಸಿಕ್ಕಿಸಿದ್ದ ಅಂಗಡಿಯ ಸ್ವಿಚ್ ಬೋರ್ಡು ಬಂತು. ಬೋರ್ಡು ಕಚ್ಚಿಕೊಂಡಿದ್ದ ನಾಲ್ಕು ಇಟ್ಟಿಗೆ ಬಂದವು. ಹಿಂದಿನಿಂದ ಗೌಸ್ ಭಾಯಿ, ಪಂಪಾಪತಿ, ಅರ್ಧ ಓಣಿಯ ಜನ ಬಂದರು. ಕಂಬ ಹತ್ತುವ ಲೈನ್‌ಮನ್ ಮದುವೆಗೆ ಹೋಗಿದ್ದಾನೆ, ಕರೆಂಟು ಇನ್ನು ಬುಧವಾರಕ್ಕೇ ಎಂದು ಯಾರೋ ಹೇಳಿದರು. ನೆನೆದ ಉದ್ದು ಆಗಲೇ ಉಬ್ಬಿ ಪಾತ್ರೆಯ ಅಂಚಿಗೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ಹೋಟೆಲಿಗೆ ಹಿಟ್ಟು ಬೇಕು.

ಮರಿಸ್ವಾಮಿ ಗುಂಡುಕಲ್ಲು ಅದರ ಜಾಗಕ್ಕೆ ಕೂರಿಸಿದ. ಬೋರ್ಡನ್ನು ಇಟ್ಟಿಗೆ ಸಮೇತ ಮಡಿಲಲ್ಲಿಟ್ಟುಕೊಂಡು ಸ್ವಿಚ್ ಒತ್ತಿದ. ಇನ್ನೊಂದು ಸಲ ಒತ್ತಿದ. ಇಟ್ಟಿಗೆಗೆ ಕಿವಿ ಕೊಟ್ಟು ಕೇಳಿದ.

"ಕರೆಂಟು ಉಳಿದ ಗ್ವಾಡ್ಯಾಗ ಐತಿ ಕಾಣ್ತದವ್ವ," ಎಂದು ಹಾರೆಗೆ ಕೈ ಚಾಚಿದ. "ಅದನ್ನೂ ತರ್ಲೇನು?"

ಸಾಕವ್ವ ಉದ್ದಿನ ಪಾತ್ರೆ ಸೊಂಟಕ್ಕೆ ಏರಿಸಿಕೊಂಡಳು. ಹಾರೆಯನ್ನು ಕಿತ್ತುಕೊಂಡು ಹಿತ್ತಲಿಗೆ ಹೋದಳು. ಒರಳಿನ ಪಕ್ಕ ಅದನ್ನು ನೆಲಕ್ಕೆ ಹಾಕಿ, ಅದರ ಮೇಲೇ ಗಟ್ಟಿಯಾಗಿ ಕೂತು, ಎಡಗೈಯಲ್ಲಿ ಗುಂಡು ತಿರುಗಿಸತೊಡಗಿದಳು.