ಹಾರ ಬಾಡುವ ಮೊದಲು

ಎಂಬತ್ತು ಕಿಲೋಮೀಟರ್ ಓಟದಲ್ಲಿ ಮೂರನೆಯವನಾಗಿ ಬಂದ ಕುದುರೆ ನಾನು. ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ನನ್ನ ಸವಾರಳಾದ ಪೂವಮ್ಮ, "ಇವತ್ತು ಇಲ್ಲೇ ಸುಧಾರಿಸಿಕೊಳ್ಳಲಿ, ನಾಳೆ ಹೊರಡೋಣ" ಎಂದಳು. ನಾಳೆಗೆ ಹಾರ ಬಾಡಿಹೋದರೆ ಲಾಯದವರಿಗೆ ತೋರಿಸುವುದೇನನ್ನು? ನಾನು ಜೀಪಿನ ಹಿಂದೆ ಕಟ್ಟಿದ್ದ, ಕುದುರೆ ಸಾಗಿಸುವ ಟ್ರೇಲರಿನ ಬಾಗಿಲಿಗೇ ಹೋಗಿ ಗೊರಸು ಕುಟ್ಟಿ ಕೆನೆದೆ.

"ಏನಯ್ಯಾ ಅವಸರ?" ಎಂದಿತು ಟ್ರೇಲರು.

"ಓಡಿದ್ದು ಸಾಕು. ಇನ್ನು ನಿನ್ನೊಳಗೆ ಹಾಯಾಗಿ ಕೂತು ಊರು ಸೇರುತ್ತೇನೆ."

"ನನ್ನೊಳಗೆ ಕೂತು ಹೋದ ಕುದುರೆಯನ್ನು ನಾನಿನ್ನೂ ಕಂಡಿಲ್ಲ."

"ಜೀಪು ಎಳೆದರೆ ಮಾತ್ರ ಚಲಿಸುವ ನಿನಗೇನು ಗೊತ್ತು? ಬಾಯಿ ಮುಚ್ಚು, ಬಾಗಿಲು ತೆಗೆ."

ನನ್ನ ಹುರುಪು ನೋಡಿ ಪೂವಮ್ಮ ಮೋಸಹೋದಳು. "ಇವನಿಗೆ ದಣಿವೇ ಇಲ್ಲ, ಹೊರಟೇಬಿಡೋಣ" ಎಂದು ಹತ್ತಿಸಿದಳು.

ಒಳಗೆ ನಿಲ್ಲುವಷ್ಟೇ ಜಾಗ. ಗಾಡಿ ಎಡಕ್ಕೆ ತಿರುಗಿದರೆ ಬಲಗಾಲುಗಳನ್ನು ಊರಬೇಕು, ಬಲಕ್ಕೆ ತಿರುಗಿದರೆ ಎಡಗಾಲುಗಳನ್ನು, ಬ್ರೇಕು ಹಾಕಿದರೆ ನಾಲ್ಕನ್ನೂ. ಮೂರು ಗಂಟೆ ಹೀಗೇ. ಟ್ರೇಲರು ಒಂದು ಮಾತೂ ಆಡಲಿಲ್ಲ. ಬಾಯಿ ಮುಚ್ಚು ಎಂದವನು ನಾನೇ ಅಲ್ಲವೇ.

ಲಾಯದ ಮುಂದೆ ಇಳಿಯುವಾಗ ಕಾಲು ನಡುಗಿ ಮುಗ್ಗರಿಸಿದೆ. ಹಾರವನ್ನು ಯಾರೂ ನೋಡಲಿಲ್ಲ, ಎಲ್ಲರೂ ಕಾಲನ್ನೇ ನೋಡಿದರು. "ನಿನ್ನ ಮಾತು ಕೇಳಿದ ನನಗೆ ಬುದ್ಧಿಯಿಲ್ಲ" ಎಂದು ಪೂವಮ್ಮ ಊದಿದ ಕಾಲುಗಳಿಗೆ ತಣ್ಣೀರು ಸುರಿದಳು.

ಪಕ್ಕದ ಮುದಿ ಹೆಣ್ಣುಕುದುರೆ ಮರುಗಿ ಕೇಳಿತು: "ಓಟದಲ್ಲಿ ಯಾವ ಏರು ನಿನ್ನನ್ನು ಇಷ್ಟು ಸುಸ್ತು ಮಾಡಿತು, ಮಗಾ?"

"ಓಡಿದ್ದಲ್ಲ ಅಜ್ಜೀ," ಎಂದೆ, "ಕೂತು ಬಂದದ್ದು."