ಚಪ್ಪಾಳೆ ಇಲ್ಲದ ಕೋಣೆ

ದೇಶದೇಶಗಳ ಹಾಡಿನ ಸ್ಪರ್ಧೆಗೆ ಆ ಪುಟ್ಟ ದೇಶದಿಂದ ಒಂದೇ ಹಾಡು ಹೋಗಬೇಕು. ಬಂದ ಹಾಡುಗಳನ್ನೆಲ್ಲ ಕೇಳಿ ಆರಿಸುವವನು ರೇಡಿಯೋ ನಿಲಯದ ಒಬ್ಬ ಗುಮಾಸ್ತ. ಮೂಲೆಯ ಕೋಣೆ, ಒಂದೇ ಕುರ್ಚಿ. ಹನ್ನೊಂದು ವರ್ಷದಿಂದ ಒಬ್ಬನೇ ಕೂತು ಕೇಳುತ್ತಿದ್ದ.

ಈ ಸಲ ನಿಲಯದ ನಿರ್ದೇಶಕ ಸರ್ವೋತ್ತಮರಾಯರು ತಾವೇ ಒಂದು ಹಾಡು ಹಾಡಿ, ಧ್ವನಿಮುದ್ರಿಸಿ ತಂದರು.

"ಇದೇ ಹೋಗಬೇಕು. ಇಲ್ಲದಿದ್ದರೆ ನಾಳೆಯಿಂದ ನೀನು ಬರಬೇಡ. ನಿನ್ನೆ ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದಾರೆ!"

"ಆಗಲಿ ಸಾರ್. ಆದರೆ ಇಂಥ ಹಾಡನ್ನ ನನ್ನಂಥವನು ಆರಿಸೋದೇ? ನೀವೇ ಇಲ್ಲಿ ಕೂತು ಒಂದ್ಸಲ ಪೂರ್ತಿ ಕೇಳಿ, ನೀವೇ ರುಜು ಹಾಕಿಬಿಡಿ."

ರಾಯರು ಉಬ್ಬಿಹೋಗಿ ಕೂತರು. ಗುಮಾಸ್ತ ಆಯ್ಕೆಯ ಕಾಗದ ಅವರ ಮುಂದಿಟ್ಟು, ಹಾಡು ಹಚ್ಚಿ, ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡ.

ಹಾಡು ಅರ್ಧ ಮುಗಿದಿರಲಿಲ್ಲ, ರಾಯರೇ ಬಾಗಿಲು ತೆಗೆದರು. ಮುಖ ಸಣ್ಣದಾಗಿತ್ತು. ಕಾಗದದ ಮೇಲೆ ರುಜು ಇರಲಿಲ್ಲ.

"ನೀನೇ ಬೇರೆ ಯಾವುದಾದರೂ ಆರಿಸಯ್ಯ. ಸಭೆಯಲ್ಲಿ ಅಷ್ಟು ಚೆನ್ನಾಗಿತ್ತಲ್ಲ, ಇಲ್ಲಿ ಏನಾಯ್ತು ಇದಕ್ಕೆ?"

"ಏನೂ ಆಗಿಲ್ಲ ಸಾರ್. ಇಲ್ಲಿ ಚಪ್ಪಾಳೆ ಹೊಡೆಯೋಕೆ ಯಾರೂ ಇಲ್ಲ, ಅಷ್ಟೇ."

ರಾಯರು ಹೊರಟರು. ಗುಮಾಸ್ತ ಒಳಗೆ ಬಂದು ಆ ಒಂದೇ ಕುರ್ಚಿಯನ್ನು ಒರೆಸಿ ಅವರ ಕಡೆ ತಿರುಗಿಸಿದ.

"ಹನ್ನೊಂದು ವರ್ಷದಲ್ಲಿ ಈ ಕೋಣೆಗೆ ಬಂದವರು ನೀವೊಬ್ಬರೇ ಸಾರ್. ಇನ್ನೊಂದು ಹಾಡು ಕೇಳಿ ಹೋಗ್ತೀರಾ?"